ಟ್ರೈಕೋಡರ್ಮಾನೂ ಬೂಷ್ಟೇ ಅಲ್ವಾ, ಮತ್ತೆ ಶೇಂಗಾ ಗಿಡವನ್ನು ಯಾಕೆ ತಿನ್ನಲ್ಲ?

ಚಳ್ಳಕೆರೆ ಕಡೆಯಿಂದ ನೀವು ಕೇಳಿದ್ದು ಇದು: ಶೇಂಗಾಕ್ಕೆ ಬುಡ ಕೊಳೆ ರೋಗ ತರುವುದೂ ಶಿಲೀಂಧ್ರ, ಅದಕ್ಕೆ ಮದ್ದು ಅಂತ ಗೊಬ್ಬರಕ್ಕೆ ಬೆರೆಸುವ ಟ್ರೈಕೋಡರ್ಮಾನೂ ಶಿಲೀಂಧ್ರ. ಗಿಡವನ್ನು ಬಿಟ್ಟು ಇನ್ನೊಂದು ಬೂಷ್ಟನ್ನೇ ಅದು ಹುಡುಕಿ ತಿನ್ನುವುದು ಹೇಗೆ? ಅಂಗಡಿಯವರು "ಪ್ರೋಟೀನ್ ಬಿಡುತ್ತೆ" ಅಂದರಂತೆ.

ಅವರು ಹೇಳಿದ್ದು ಸರಿ, ಆದರೆ ಅರ್ಧ. ನಾನು ಓದಿದ್ದು ಸಸ್ಯರೋಗ ಶಾಸ್ತ್ರ. ಮನೆ ಹರಿಹರದ ಹತ್ತಿರ, ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆಯುತ್ತೇವೆ. ಹಾಗಾಗಿ ನಡುವೆ ಭತ್ತದ ಮಾತೂ ಬರುತ್ತದೆ.

ಶಿಲೀಂಧ್ರಕ್ಕೆ ಬಾಯಿಲ್ಲ, ಹೊಟ್ಟೆಯೂ ಇಲ್ಲ. ಅದು ಅರಗಿಸುವುದೆಲ್ಲ ಮೈಯಾಚೆ. ನೂಲಿನಂಥ ತನ್ನ ಎಳೆಗಳ ತುದಿಯಿಂದ ಕಿಣ್ವ ಸುರಿಸುತ್ತದೆ, ಎದುರಿಗಿದ್ದದ್ದು ಕರಗುತ್ತದೆ, ಕರಗಿದ್ದನ್ನು ಹೀರುತ್ತದೆ. ಕಿಣ್ವ ಅಂದರೆ ಪ್ರೋಟೀನೇ. ಪಕ್ಕದವರ ಜೊತೆ ಅದರ ಜಗಳ, ಮೋಸ, ಹೊಂದಾಣಿಕೆ ಬಹುಪಾಲು ನಡೆಯುವುದೂ ಹೀಗೆ ಹೊರಗೆ ಬಿಟ್ಟ ಪ್ರೋಟೀನ್‌ಗಳಿಂದಲೇ.

ಬುಡ ಕೊಳೆತ ಗಿಡವೊಂದನ್ನು ಕಿತ್ತು ನೋಡಿ. ಮಣ್ಣಿಗೆ ತಾಗುವ ಕಡೆ ಬಿಳಿ ನೂಲು ಹರಡಿರುತ್ತದೆ, ನಡುನಡುವೆ ಸಾಸಿವೆ ಕಾಳಿನಷ್ಟು ಕಂದು ಗುಂಡುಗಳು. ಇದೇ ಬುಡ ಕೊಳೆ ತರುವ ಶಿಲೀಂಧ್ರ, ಹೆಸರು ಸ್ಕ್ಲೆರೋಷಿಯಂ ರಾಲ್ಫ್ಸಿ. ಇದು ಮೊದಲು ಆಕ್ಸಾಲಿಕ್ ಆಮ್ಲ ಬಿಡುತ್ತದೆ. ಅದು ಪ್ರೋಟೀನ್ ಅಲ್ಲ, ಆದರೆ ಪ್ರೋಟೀನ್‌ಗೆ ದಾರಿ ಮಾಡಿಕೊಡುತ್ತದೆ. ಗಿಡದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್‌ನಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಆಮೇಲೆ ಪೆಕ್ಟಿನ್ ಕರಗಿಸುವ ಕಿಣ್ವಕ್ಕೆ ಕೆಲಸ ಸಲೀಸು. ಕಾಂಡ ಮೆತ್ತಗಾಗಿ ಗಿಡ ಸೊರಗುತ್ತದೆ.

ಇನ್ನು ಟ್ರೈಕೋಡರ್ಮಾ. ಶಿಲೀಂಧ್ರದ ಜೀವಕೋಶದ ಗೋಡೆಯಲ್ಲಿ ಕೈಟಿನ್ ಮತ್ತು ಗ್ಲುಕಾನ್ ಅನ್ನುವ ವಸ್ತುಗಳು ಇರುತ್ತವೆ. ಕೈಟಿನ್ ಕತ್ತರಿಸುವ ಕಿಣ್ವವನ್ನು ಟ್ರೈಕೋಡರ್ಮಾ ಸುಮ್ನೆ ಸ್ವಲ್ಪ ಸ್ವಲ್ಪ ಬಿಡುತ್ತಲೇ ಇರುತ್ತದೆ. ಹತ್ತಿರದಲ್ಲಿ ಬೇರೆ ಶಿಲೀಂಧ್ರ ಇದ್ದರೆ ಅದರ ಗೋಡೆಯ ಚೂರು ಕಳಚಿ ಬರುತ್ತದೆ. ಆ ಚೂರೇ ಸುಳಿವು. ಇನ್ನೂ ಮೈಗೆ ಮೈ ತಾಗುವ ಮೊದಲೇ ಜೋರಾದ ಕಿಣ್ವಗಳು ಹೊರಡುತ್ತವೆ. ಓದುವಾಗ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ: ದಪ್ಪ ಎಳೆಯೊಂದಕ್ಕೆ ತೆಳು ಎಳೆ ಸುತ್ತು ಸುತ್ತಾಗಿ ಬಿಗಿದುಕೊಂಡಿತ್ತು, ಒಳಗಿನ ಎಳೆ ಬರಿದಾಗಿ ಕುಸಿದಿತ್ತು. ಟ್ರೈಕೋಡರ್ಮಾ ಬೇರೆ ಶಿಲೀಂಧ್ರಗಳನ್ನು ತಿನ್ನುತ್ತದೆ ಅಂತ ವೈಂಡ್ಲಿಂಗ್ ಅನ್ನುವ ವಿಜ್ಞಾನಿ ಬರೆದಿದ್ದು 1932ರಲ್ಲೇ.

ಹಾಗಾದರೆ ಗಿಡವನ್ನು ಯಾಕೆ ಬಿಡುತ್ತದೆ? ಗಿಡ ತಿನ್ನುವ ಕಿಣ್ವ ಅದರ ಹತ್ತಿರ ಇಲ್ಲ ಅಂತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕ ಸೈನ್ಯದ ಹತ್ತಿಯ ಕ್ಯಾನ್ವಾಸ್ ಬಟ್ಟೆ, ಅಂದರೆ ಗಿಡದ ನಾರನ್ನೇ, ತಿಂದು ಸಿಕ್ಕಿಬಿದ್ದದ್ದು ಟ್ರೈಕೋಡರ್ಮಾದ್ದೇ ಒಂದು ಜಾತಿ. ಇವತ್ತು ಜೀನ್ಸ್ ಪ್ಯಾಂಟಿಗೆ ಹಳತಾದ ಮೆರುಗು ಕೊಡುವುದಕ್ಕೂ ಅದರ ಕಿಣ್ವ ಬಳಸುತ್ತಾರೆ. ದಾವಣಗೆರೆಯಂಥ ಹತ್ತಿ ಗಿರಣಿಗಳ ಊರಿಗೆ ಹೇಳಿ ಮಾಡಿಸಿದ ಕತೆ!

ನಿಜ ಏನೆಂದರೆ, ಟ್ರೈಕೋಡರ್ಮಾ ಬೇರಿನ ಹೊರ ಪದರಗಳಿಗೆ ನುಗ್ಗಿಯೇ ನುಗ್ಗುತ್ತದೆ. ಅಲ್ಲಿ ಅದು ಬಿಡುವ ಎಸ್‌ಎಂ1ನಂಥ ಪ್ರೋಟೀನ್‌ಗಳನ್ನು ಗಿಡ ಗುರುತು ಹಿಡಿದು ರಕ್ಷಣೆಗೆ ನಿಲ್ಲುತ್ತದೆ. ಅರಬಿಡಾಪ್ಸಿಸ್ ಅನ್ನುವ ಪ್ರಯೋಗದ ಗಿಡದಲ್ಲಿ ಗಿಡದ ರಕ್ಷಣೆಗೆ ಸಂಕೇತ ಕೊಡುವ ಸ್ಯಾಲಿಸಿಲಿಕ್ ಆಮ್ಲ ತಯಾರಾಗದಂತೆ ಮಾಡಿದಾಗ ಇದೇ ಟ್ರೈಕೋಡರ್ಮಾ ನೀರು ಸಾಗುವ ನಾಳಗಳವರೆಗೂ ಹೋಯಿತು. ಅಂದರೆ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದು ಗಿಡ. ಹಾಗೆ ಮೈಯೆಲ್ಲ ಎಚ್ಚರವಾದ ಗಿಡಕ್ಕೆ ಬೇರೆ ರೋಗವನ್ನು ತಡೆಯುವ ಶಕ್ತಿಯೂ ಜಾಸ್ತಿ ಬರುತ್ತದೆ. ನಿಮಗೆ ಸಿಗುವ ಲಾಭದ ಒಂದು ಪಾಲು ಇದರಿಂದಲೇ. "ಒಳ್ಳೆ ಶಿಲೀಂಧ್ರ" ಅನ್ನುವ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ಅಣಬೆ ಬೆಳೆಯುವವರನ್ನು ಕೇಳಿ, ಅವರ ಚೀಲಗಳಲ್ಲಿ ಬರುವ ಹಸಿರು ಬೂಷ್ಟು ಟ್ರೈಕೋಡರ್ಮಾನೇ.

ಭತ್ತದ ಬೆಂಕಿ ರೋಗದ ಶಿಲೀಂಧ್ರದ್ದು ಬೇರೆ ದಾರಿ. ಅದಕ್ಕೆ ಮೊದಲು ಜೀವಂತ ಎಲೆಯೇ ಬೇಕು, ಹಾಗಾಗಿ ಗುಟ್ಟಾಗಿ ಒಳಗೆ ಬರಬೇಕು. ಶಿಲೀಂಧ್ರದ ಕೈಟಿನ್ ಚೂರು ಕಂಡರೆ ಸಾಕು, ಭತ್ತ ಎಚ್ಚರವಾಗುತ್ತದೆ. ಅದಕ್ಕೇ ಇದು ಎಸ್‌ಎಲ್‌ಪಿ1 ಅನ್ನುವ ಪ್ರೋಟೀನ್ ಬಿಟ್ಟು, ಗಿಡಕ್ಕೆ ಸಿಗುವ ಮೊದಲೇ ಆ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಂಥ ಇನ್ನೂ ಎಷ್ಟೋ ಪ್ರೋಟೀನ್‌ಗಳಿವೆ. ಕೆಲವು ಜೀವಕೋಶದ ಒಳಗೇ ಹೋಗಿ ಕೆಲಸ ಮಾಡುತ್ತವೆ. ಅಂಥದ್ದರಲ್ಲಿ ಒಂದನ್ನು ಪಿಐ-ಟಿಎ ಜೀನ್ ಇರುವ ತಳಿ ಗುರುತು ಹಿಡಿಯುತ್ತದೆ. ಹಿಡಿದ ಕೂಡಲೇ ಸುತ್ತಲಿನ ಜೀವಕೋಶ ತಾನೇ ಸಾಯುತ್ತದೆ, ರೋಗ ಅಲ್ಲೇ ನಿಲ್ಲುತ್ತದೆ. ಶಿಲೀಂಧ್ರ ಆ ಒಂದು ಪ್ರೋಟೀನನ್ನು ಬದಲಿಸಿದರೆ ಅಥವಾ ಕೈಬಿಟ್ಟರೆ ಸಾಕು, ತಳಿ ಸೋಲುತ್ತದೆ. ಮೊದಲು ತಡೆದುಕೊಳ್ಳುತ್ತಿದ್ದ ತಳಿ ಈಗ ಯಾಕೆ ತಡೆಯಲ್ಲ ಅಂತ ನಮ್ಮ ಕಡೆ ಬೈದುಕೊಳ್ಳುತ್ತಾರಲ್ಲ, ಅದಕ್ಕೆ ಇದು ದೊಡ್ಡ ಕಾರಣ.

ಶಿಲೀಂಧ್ರಗಳ ನಡುವಿನ ಕಾಟ ಗಿಡದ ಒಳಗೂ ನಡೆಯುತ್ತದೆ. ಸೊರಗು ರೋಗ ತರುವ ವರ್ಟಿಸಿಲಿಯಂ ಡಾಹ್ಲಿಯೆ, ಎಲೆಯಲ್ಲಿ ತನ್ನ ಕಪ್ಪು ಗಂಟುಗಳನ್ನು ಕಟ್ಟುವ ಹೊತ್ತಿಗೆ, ಅಲ್ಲಿರುವ ಬೇರೆ ಶಿಲೀಂಧ್ರಗಳನ್ನು ಅಡಗಿಸುವ ಪ್ರೋಟೀನ್ ಬಿಡುತ್ತದೆ ಅಂತ ವಿಜ್ಞಾನಿಗಳು 2021ರಲ್ಲಿ ತೋರಿಸಿದರು.

ನಿಮ್ಮ ಹೊಲಕ್ಕೆ ಬಂದರೆ: ಟ್ರೈಕೋಡರ್ಮಾ ಜೀವ ಇರುವ ಸರಕು, ಕಿಣ್ವ ತಯಾರಿಸಲು ಅದು ಮೊದಲು ಬೆಳೆಯಬೇಕು. ಗಿಡ ಸೊರಗಿದ ಮೇಲೆ ಬುಡಕ್ಕೆ ಸುರಿದರೆ ಹೆಚ್ಚೇನೂ ಆಗಲ್ಲ. ಬಿತ್ತನೆಗೆ ಮೊದಲೇ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಒದ್ದೆ ಗೋಣಿ ಮುಚ್ಚಿ, ನೆರಳಲ್ಲಿ ಹಸಿರು ಹಿಡಿಯಲು ಬಿಡಿ. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ ನೋಡಿ. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಕಣ ಇರಬೇಕು ಅಂತ ನಿಯಮವಿದೆ. ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೆ ಮಾತ್ರ ಇದನ್ನು ಹಚ್ಚಬೇಡಿ. ಅದು ಬುಡ ಕೊಳೆಯ ಶಿಲೀಂಧ್ರಕ್ಕಿಂತ ಟ್ರೈಕೋಡರ್ಮಾವನ್ನೇ ಚೆನ್ನಾಗಿ ಕೊಲ್ಲುತ್ತದೆ.