ಸಂಪಾದಕರ ಉತ್ತರ: ಸಂಜೆಗೆ ಮನೆ ಸೇರಿಸುವ ರೈಲು ಬೇಕು

ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯ ಓದುಗರೊಬ್ಬರ ಪತ್ರ: "ಹಿಂದುಳಿದ ಜಿಲ್ಲೆಗೆ ಸರ್ಕಾರ ರೈಲು ಹಾಕಿದರೆ ಊರು ಬೆಳೆಯುತ್ತೆ ಅಂತ ಹೋದ ಸಂಚಿಕೆಯಲ್ಲಿ ಬರೆದಿರಿ. ನಮ್ಮಲ್ಲಿ ರೈಲು ಬಂತು. ನಮ್ಮ ಹುಡುಗರು ಅದನ್ನೇ ಹತ್ತಿ ಬೆಂಗಳೂರಿಗೆ ಹೋದರು, ಅಷ್ಟೇ. ಆ ದುಡ್ಡನ್ನ ಕೆರೆಗೋ ಶಾಲೆಗೋ ಹಾಕಬಾರದಿತ್ತಾ?"

ನಮಸ್ಕಾರ. ನಿಮ್ಮ ಪತ್ರ ಓದಿ ಎರಡು ದಿನ ಅದೇ ತಲೆಯಲ್ಲಿತ್ತು. ಹುಡುಗರು ಹೋದರು ಅಂದಿರಲ್ಲ, ಅದು ನಿಜ. ಆದರೆ ರೈಲಿನಿಂದಲೇ ಹೋದರು ಅನ್ನೋದನ್ನ ನಾನು ಒಪ್ಪಲ್ಲ. ಕರಾವಳಿ ನೋಡಿ. ಕೊಂಕಣ ರೈಲು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಉಡುಪಿ, ಕುಂದಾಪುರದ ಹುಡುಗರು ಮುಂಬೈಗೆ ಹೋಗಿ ಹೋಟೆಲಿನಲ್ಲಿ ದುಡಿದರು. ಊರಲ್ಲಿ ಕೆಲಸ ಇಲ್ಲದಿದ್ದರೆ ಜನ ಬಸ್ಸು, ಲಾರಿ ಏನು ಸಿಕ್ಕರೂ ಹತ್ತಿ ಹೋಗ್ತಾರೆ. ರೈಲು ಬಂದ ಮೇಲೆ ಬದಲಾಗಿದ್ದು ವಾಪಸ್ ಬರುವ ದಾರಿ. ಹಬ್ಬಕ್ಕೆ, ಅಮ್ಮನಿಗೆ ಹುಷಾರಿಲ್ಲ ಅಂದಾಗ, ಜಮೀನು ನೋಡೋಕೆ ಬಂದು ಹೋಗೋದು ಸುಲಭವಾಯಿತು.

ನಿಮ್ಮ ಸಿಟ್ಟು ಇರಬೇಕಾದ್ದು ಬೇರೆ ಕಡೆ ಅನ್ಸುತ್ತೆ. ನಿಮ್ಮ ಹುಮನಾಬಾದ್ ಮೇಲೆ ಹೋಗುವ ಬೀದರ್–ಕಲಬುರಗಿ ಮಾರ್ಗ 110 ಕಿಲೋಮೀಟರ್. ಮೊದಲ ಅಂದಾಜು ಸುಮಾರು 370 ಕೋಟಿ ರೂಪಾಯಿ. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಗುವ ಹೊತ್ತಿಗೆ ಹತ್ತಿರ ಹತ್ತಿರ 20 ವರ್ಷ ಕಳೆದಿತ್ತು, ಖರ್ಚು 1,542 ಕೋಟಿ ದಾಟಿತ್ತು. ಅಷ್ಟು ವರ್ಷ ಬೀದರಿನವರು ರೈಲಲ್ಲಿ ಕಲಬುರಗಿಗೆ ಬರಬೇಕು ಅಂದ್ರೆ ವಿಕಾರಾಬಾದ್, ತಾಂಡೂರು, ವಾಡಿ ಅಂತ ಸುತ್ತಬೇಕಿತ್ತು. ಅದೇ ಕೊಂಕಣದಲ್ಲಿ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಆಯಿತು, 1998ರ ಜನವರಿಯಲ್ಲಿ ರೋಹಾದಿಂದ ಮಂಗಳೂರು ಪಕ್ಕದ ತೋಕೂರಿನವರೆಗೆ ರೈಲು ಓಡಿತು. 700 ಕಿಲೋಮೀಟರಿಗೂ ಜಾಸ್ತಿ, ಅದೂ 91 ಸುರಂಗ ಕೊರೆದು! ಆ ನಿಗಮ ಶುರುವಾದಾಗ ಅದರಲ್ಲಿ ನಮ್ಮ ರಾಜ್ಯದ ಪಾಲು 15%, ಮಹಾರಾಷ್ಟ್ರದ್ದು 22% ಇತ್ತು. ಕೇಂದ್ರದ ಜೊತೆ ರಾಜ್ಯಗಳೂ ಪಾಲು ಹಾಕಿ, ಬಾಂಡ್ ಮೂಲಕ ಸಾಲ ಎತ್ತಿ ಹಣ ಹೊಂದಿಸಿದ್ದರಿಂದ ಕೆಲಸ ಪ್ರತಿ ವರ್ಷದ ರೈಲ್ವೆ ಬಜೆಟ್ಟಿಗೆ ಬಾಯಿ ಬಿಟ್ಟುಕೊಂಡು ಕೂರಲಿಲ್ಲ. ಅರ್ಧ ಹಾಕಿ ಬಿಟ್ಟ ಹಳಿಯ ಮೇಲಿನ ದುಡ್ಡು ಯಾರಿಗೂ ಒಂದು ಪೈಸೆ ಹುಟ್ಟಿಸಲ್ಲ, ಬೆಲೆ ಮಾತ್ರ ಏರ್ತಾ ಇರುತ್ತೆ. ಕೆರೆ, ಶಾಲೆಗೆ ಹೋಗಬೇಕಿದ್ದ ಹಣ ನಿಜವಾಗಿ ಹಾಳಾಗಿದ್ದು ಆ ಕಾಯುವ ವರ್ಷಗಳಲ್ಲಿ.

ಇನ್ನೊಂದು ವಿಷಯ. ಕೊಂಕಣ ರೈಲ್ವೆಯವರು ರೈಲು ಓಡಿಸಿ ಸುಮ್ನೆ ಕೂರಲಿಲ್ಲ. 1999ರಲ್ಲಿ ರೋ-ರೋ ಶುರು ಮಾಡಿದರು. ತುಂಬಿದ ಲಾರಿಯನ್ನೇ ರೈಲಿನ ಮೇಲೆ ಹತ್ತಿಸೋದು. ಆಮೇಲೆ ಅದು ಸುರತ್ಕಲ್‌ವರೆಗೂ ಬಂತು. ಘಟ್ಟದ ತಿರುವಿನಲ್ಲಿ ಡೀಸೆಲ್ ಸುಡೋದು ತಪ್ಪಿತು, ಡ್ರೈವರಿಗೆ ನಿದ್ದೆ ಸಿಕ್ಕಿತು. ನಿಮ್ಮ ಕಡೆ ಏನಿಲ್ಲ ಹೇಳಿ? ಕಲಬುರಗಿ ತೊಗರಿ ಇದೆ, ಕಮಲಾಪುರದ ಕೆಂಬಾಳೆ ಇದೆ, ಎರಡಕ್ಕೂ ಜಿಐ ಮಾನ್ಯತೆ, ಅಂದ್ರೆ ಆ ಊರಿನದೇ ವಿಶೇಷ ಬೆಳೆ ಅನ್ನೋ ಕಾನೂನಿನ ಗುರುತು ಇದೆ. ಆ ಬಾಳೆ ಬೆಳೆಯುವ ಊರಿನ ಪಕ್ಕದಲ್ಲೇ ಹಳಿ ಹೋಗಿದೆ. ಗೊನೆ ಕೆಡದಂತೆ ಇಡೋಕೆ ಒಂದು ಶೆಡ್ಡು, ತಂಪು ಕೋಣೆ, ಹೇರೋಕೆ ಜಾಗ, ಇಷ್ಟಕ್ಕೆ ಹಳಿ ಹಾಕಿದಷ್ಟು ದುಡ್ಡೇನೂ ಬೇಡ ಅಲ್ವಾ?

ನಾನಂತೂ ಯಾವ ಮಾರ್ಗವನ್ನಾದರೂ ಅಳೆಯೋದು ಒಂದೇ ಪ್ರಶ್ನೆಯಿಂದ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾ? ಕಲಬುರಗಿಯಲ್ಲಿ ವಿಶ್ವವಿದ್ಯಾಲಯ ಇದೆ, ದೊಡ್ಡ ಆಸ್ಪತ್ರೆಗಳಿವೆ, 2008ರಿಂದ ಹೈಕೋರ್ಟ್ ಪೀಠ ಇದೆ. ಹುಮನಾಬಾದಿನ ಹುಡುಗಿ ಮನೆಯಲ್ಲೇ ಇದ್ದು ಅಲ್ಲಿ ಓದುವಂತೆ, ಕೆಲಸ ಮಾಡುವಂತೆ ರೈಲಿನ ಸಮಯ ಇದ್ದರೆ ಅವಳು ಬೆಂಗಳೂರಿನ ಪಿಜಿ ಹುಡುಕಬೇಕಾಗಿಲ್ಲ. ರಾತ್ರಿ ಹೊರಟು ಬೆಂಗಳೂರು ಮುಟ್ಟಿಸುವ ರೈಲೂ ಬೇಕು, ಬೇಡ ಅನ್ನಲ್ಲ. ಆದರೆ ಊರು ಉಳಿಸೋದು ಈ ಬೆಳಿಗ್ಗೆ-ಸಂಜೆಯ ರೈಲು, ಅದರ ಸಮಯಕ್ಕೆ ಸರಿಯಾಗಿ ಸ್ಟೇಷನ್ನಿಗೆ ಬರುವ ಒಂದು ಬಸ್ಸು.

ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದ ತಾಲೂಕು ಅಂತ 39ನ್ನು ಗುರುತಿಸಿತು. ಅದರಲ್ಲಿ 21 ನಿಮ್ಮ ಕಲಬುರಗಿ ವಿಭಾಗದವೇ. ಅಲ್ಲಿಗೆ ಹಣ ಹಾಕೋದು ಉಪಕಾರ ಅಲ್ಲ, ಬಾಕಿ ತೀರಿಸೋದು. ಹಾಗಾಗಿ ರೈಲು ಬೇಡಿತ್ತು ಅಂತ ದಯವಿಟ್ಟು ಬರೆಯಬೇಡಿ. ಎಷ್ಟು ಗಂಟೆಗೆ ಬೇಕು, ಸ್ಟೇಷನ್ನಿಗೆ ಬಸ್ಸು ಇದೆಯಾ, ಮಾಲು ಹೇರೋಕೆ ಏನು ಕಷ್ಟ, ನಿಮ್ಮೂರಿನ ನಾಲ್ಕು ಜನರನ್ನ ಕೇಳಿ ಅದನ್ನ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕ್ತೇವೆ.