ಎಲ್ಲರೂ ಕೈ ಎತ್ತಿದ್ರು, ನಾನೂ ಎತ್ತಿಬಿಟ್ಟೆ

ಪ್ರಶ್ನೆ: ಹತ್ತು ವರ್ಷದಿಂದ ಒಂದು ಸೇವಾ ಸಂಘದಲ್ಲಿದೀನಿ, ಅಲ್ಲಿರೋರೆಲ್ಲ ನನ್ನ ಮನೆಯವರಿದ್ದ ಹಾಗೆ. ಹೋದ ತಿಂಗಳು ನಮ್ಮಲ್ಲೇ ಒಬ್ಬರು ಲೆಕ್ಕದಲ್ಲಿ ಮೋಸ ಮಾಡಿದ್ದು ಗೊತ್ತಾಯ್ತು. ಸಂಘದ ಹೆಸರು ಕೆಡುತ್ತೆ, ಮುಚ್ಚಿಹಾಕೋಣ ಅಂದ್ರು, ಎಲ್ಲರೂ ಕೈ ಎತ್ತಿದ್ರು, ನಾನೂ ಎತ್ತಿದೆ. ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ. ನಾನು ಅಷ್ಟು ಹೇಡಿನಾ?

ಉತ್ತರ: ಹೇಡಿ ಅನ್ನೋ ಮಾತು ಮೊದಲು ಬಿಟ್ಬಿಡಿ. ಸಾಲೊಮನ್ ಆಶ್ ಅನ್ನೋ ಮನಃಶಾಸ್ತ್ರಜ್ಞ 1950ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ರು, ಯಾವ ಗೆರೆ ಯಾವುದಕ್ಕೆ ಸಮ ಅಂತ ಹೇಳೋದು ಅಷ್ಟೇ, ಚಿಕ್ಕ ಮಗುಗೂ ಗೊತ್ತಾಗುತ್ತೆ, ಆದ್ರೆ ಜೊತೆಲಿ ಕೂತಿದ್ದೋರೆಲ್ಲ ಮೊದಲೇ ಹೇಳಿಕೊಟ್ಟಿದ್ದ ಹಾಗೆ ತಪ್ಪು ಉತ್ತರ ಹೇಳ್ತಿದ್ರು. ಈ ಏರ್ಪಾಡು ಗೊತ್ತಿಲ್ಲದೆ ಪ್ರಯೋಗಕ್ಕೆ ಬಂದಿದ್ದೋರಲ್ಲಿ ನಾಲ್ಕಕ್ಕೆ ಸುಮಾರು ಮೂರು ಜನ ಒಂದು ಸಲನಾದ್ರೂ ಆ ತಪ್ಪಿಗೆ ಹೂಂ ಅಂದ್ರು. ಕಣ್ಣೆದುರಿನ ಗೆರೆಗೆ, ಅದೂ ಅಪರಿಚಿತರ ಮುಂದೆ ಹೀಗಾದ್ರೆ ಹತ್ತು ವರ್ಷದ ಸ್ನೇಹದ ಮುಂದೆ ನಿಮ್ಮ ಕೈ ಮೇಲೆ ಹೋಗಿದ್ರಲ್ಲಿ ನನಗೇನೂ ಆಶ್ಚರ್ಯ ಇಲ್ಲ.

ನನಗೆ ಚಿಂತೆ ಇರೋದು ಮುಂದಿನದರ ಬಗ್ಗೆ. ನಂಬಿದ್ದು ಒಂದು, ಮಾಡಿದ್ದು ಇನ್ನೊಂದು ಆದಾಗ ಮನಸ್ಸು ಅದನ್ನ ತಡ್ಕೊಳ್ಳಲ್ಲ. ಲಿಯಾನ್ ಫೆಸ್ಟಿಂಗರ್ ಅನ್ನೋ ಇನ್ನೊಬ್ಬ ಮನಃಶಾಸ್ತ್ರಜ್ಞ 1957ರಲ್ಲಿ ವಿವರಿಸಿದ್ದು ಇದನ್ನೇ. ಮಾಡಿದ್ದನ್ನ ಅಳಿಸೋಕಾಗಲ್ಲ, ಹಂಗಾಗಿ ನಂಬಿಕೆನೇ ನಿಧಾನಕ್ಕೆ ಸಡಿಲ ಮಾಡ್ಕೋತೀವಿ, ದೊಡ್ಡ ಮೊತ್ತ ಏನಲ್ಲ ಬಿಡು, ಪಾಪ ಅವರಿಗೂ ಕಷ್ಟ ಇತ್ತು, ಸಂಘ ಎಷ್ಟು ಒಳ್ಳೆ ಕೆಲಸ ಮಾಡಿದೆ ಅಂತ. ನಿಮಗೆ ಇನ್ನೂ ನಿದ್ದೆ ಬರ್ತಿಲ್ಲ ಅಂದ್ರೆ ಆ ಸಮಾಧಾನ ನಿಮಗಿನ್ನೂ ಹತ್ತಿಲ್ಲ ಅಂತ, ನನಗೆ ಅದು ಖುಷಿ ವಿಷಯ.

ಆಶ್ ಅವರ ಆ ಗೆರೆ ಪ್ರಯೋಗದಲ್ಲಿ ಇನ್ನೊಂದು ಇದೆ. ಜೊತೆಲಿ ಒಬ್ಬರೇ ಒಬ್ಬರು ಸರಿ ಉತ್ತರ ಹೇಳಿದ್ರೂ ಸಾಕು, ಗುಂಪಿಗೆ ಮಣಿಯೋದು ತುಂಬಾ ಕಮ್ಮಿ ಆಗ್ತಿತ್ತು, ಉತ್ತರನ ಬಾಯಲ್ಲಿ ಹೇಳದೆ ಬರೆದುಕೊಟ್ಟಾಗಲೂ ಅಷ್ಟೇ. ಅವತ್ತು ಕೈ ಎತ್ತಿದವರಲ್ಲಿ ನಿಮ್ಮ ಥರನೇ ಅಕ್ಕಪಕ್ಕ ನೋಡಿ ಎತ್ತಿದವರು ಇದ್ದೇ ಇರ್ತಾರೆ. ನಿಮಗೆ ನಂಬಿಕೆ ಇರೋ ಒಬ್ಬರ ಹತ್ರ ಒಬ್ಬರೇ ಹೋಗಿ ಮಾತಾಡಿ, ಅವರನ್ನ ಒಪ್ಪಿಸೋಕೆ ಹೋಗ್ಬೇಡಿ, ನಿಮಗೆ ನಿದ್ದೆ ಬರ್ತಿಲ್ಲ ಅನ್ನೋದಷ್ಟೇ ಹೇಳಿ. ಆಮೇಲೆ ಇಬ್ಬರೂ ಸೇರಿ ಮೀಟಿಂಗ್‌ನಲ್ಲಿ ವಿಷಯ ಮತ್ತೆ ಎತ್ತಿ, ನಾನು ಅವತ್ತು ಒಪ್ಪಿದ್ದು ತಪ್ಪಾಯ್ತು ಅಂತ ನಿಮ್ಮಿಂದಲೇ ಶುರು ಮಾಡಿ, ಈ ಸಲ ಕೈ ಎತ್ತೋದು ಬೇಡ, ಚೀಟೀಲಿ ಬರೆದು ಹಾಕೋಣ ಅಂತ ಕೇಳಿ. ಸಂಘ ಬಿಡೋ ಯೋಚನೆ ಏನಾದ್ರೂ ಇದ್ರೆ, ಅದನ್ನ ಆ ಚೀಟಿಗಳ ಎಣಿಕೆ ಆದ್ಮೇಲೆ ನೋಡೋಣ.