ಪ್ಲಗ್, ಕಾಯಿಲ್ ಬದಲಾಯಿಸಿದರೂ ನಿಲ್ಲದ ಮಿಸ್ಸಿಂಗ್: ಓದುಗರ ವಾಹನ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಯಶವಂತಪುರದ ಎಪಿಎಂಸಿ ಯಾರ್ಡ್‌ನಿಂದ ಈರುಳ್ಳಿ, ಆಲೂಗಡ್ಡೆ ತಂದು ಅಂಗಡಿಗಳಿಗೆ ಹಾಕುವ ವ್ಯಾಪಾರ ನನ್ನದು. ಅದಕ್ಕಾಗಿ 2018ರ ಮಾದರಿಯ ಸಣ್ಣ ಪಿಕಪ್ ಇಟ್ಟುಕೊಂಡಿದ್ದೇನೆ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಜೊತೆಗೆ ಸಿಎನ್‌ಜಿ ಇದೆ. ಓಡುವುದೆಲ್ಲ ಹೆಚ್ಚಾಗಿ ಗ್ಯಾಸ್‌ನಲ್ಲಿಯೇ. ಕೆಲವು ತಿಂಗಳಿಂದ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಇಂಜಿನ್ ಮಿಸ್ ಹೊಡೆದು ಕ್ಯಾಬಿನ್ ನಡುಗುತ್ತದೆ. ವೇಗ ಹಿಡಿದ ಮೇಲೆ ಬಹುಮಟ್ಟಿಗೆ ಸರಿಹೋಗುತ್ತದೆ. ಬೆಳಿಗ್ಗೆ ಇಲ್ಲದ ತೊಂದರೆ ಇಂಜಿನ್ ಬಿಸಿಯಾದ ಮೇಲೆ ಶುರುವಾಗುತ್ತದೆ. ಪೆಟ್ರೋಲ್‌ಗೆ ಬದಲಿಸಿದರೂ ವ್ಯತ್ಯಾಸವಿಲ್ಲ. ಸ್ಕ್ಯಾನರ್ ಹಾಕಿದಾಗ ಪ್ರತಿ ಸಲವೂ ಪಿ0303 ಎಂಬ ಕೋಡ್ ಬರುತ್ತದೆ. ನಾಲ್ಕೂ ಪ್ಲಗ್ ಮತ್ತು ಅವುಗಳಿಗೆ ಕಿಡಿಯ ವಿದ್ಯುತ್ ಕೊಡುವ ನಾಲ್ಕೂ ಕಾಯಿಲ್ ಹೊಸದಾಗಿವೆ, ಇಂಜೆಕ್ಟರ್ ಮತ್ತು ಥ್ರಾಟಲ್ ಬಾಡಿ ಕ್ಲೀನ್ ಆಗಿವೆ. ಒಂದು ದಿನ ಬೆಳಿಗ್ಗೆ ಕಂಪ್ರೆಶನ್ (ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಒತ್ತಡ) ಪರೀಕ್ಷಿಸಿ ‘ಪರವಾಗಿಲ್ಲ’ ಎಂದರು. ಈಗ ಒಬ್ಬರು ಇಸಿಎಂ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಾಯಿಸಬೇಕೆನ್ನುತ್ತಾರೆ, ಇನ್ನೊಬ್ಬರು ಇಂಜಿನ್ ಇಳಿಸಬೇಕೆನ್ನುತ್ತಾರೆ, ಮತ್ತೊಬ್ಬರು ಎಥನಾಲ್ ಬೆರೆಸಿದ ಪೆಟ್ರೋಲಿನ ಮೇಲೆ ತಪ್ಪು ಹೊರಿಸುತ್ತಾರೆ. ಗಾಡಿಯನ್ನು ಮಾರಿಬಿಡುವುದೇ ಒಳ್ಳೆಯದೇ?
— ಓದುಗರೊಬ್ಬರು, ಯಶವಂತಪುರ

ಉತ್ತರ: ಮಾರುವ ವಿಚಾರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿಯೇ ಅರ್ಧಕ್ಕಿಂತ ಹೆಚ್ಚು ಪತ್ತೆ ಕೆಲಸ ಮುಗಿದಿದೆ. ಇದುವರೆಗೆ ಗಾಡಿಯನ್ನು ನೋಡಿದವರು ಈ ಸುಳಿವುಗಳನ್ನು ಒಂದರ ಪಕ್ಕ ಒಂದಿಟ್ಟು ಯೋಚಿಸಿದ್ದರೆ ಇಷ್ಟು ಬಿಡಿಭಾಗಗಳ ಖರ್ಚು ನಿಮ್ಮ ಮೇಲೆ ಬೀಳುತ್ತಿರಲಿಲ್ಲ.

ಮೊದಲು ಕೋಡ್ ಏನು ಹೇಳುತ್ತದೆ ಎಂಬುದನ್ನು ನೋಡೋಣ. ಪ್ರತಿ ಸಿಲಿಂಡರಿನಲ್ಲಿ ಇಂಧನ ಉರಿದಾಗಲೂ ಕ್ರ್ಯಾಂಕ್ ಶಾಫ್ಟ್‌ಗೆ ಒಂದು ನೂಕು ಸಿಗುತ್ತದೆ. ಯಾವ ಸಿಲಿಂಡರಿನ ಸರದಿಯಲ್ಲಿ ಆ ನೂಕು ಬರದೆ ಶಾಫ್ಟ್‌ನ ವೇಗ ಕ್ಷಣಕಾಲ ಕುಂದುತ್ತದೆ ಎಂಬುದನ್ನು ಕ್ರ್ಯಾಂಕ್ ಸೆನ್ಸರ್‌ನ ಮೂಲಕ ಇಸಿಎಂ ಲೆಕ್ಕ ಹಾಕುತ್ತದೆ. ಪಿ0303 ಎಂದರೆ ಮೂರನೆಯ ಸಿಲಿಂಡರ್ ತನ್ನ ಸರದಿಯಲ್ಲಿ ನೂಕಲಿಲ್ಲ ಎಂದಷ್ಟೇ ಅರ್ಥ. ಕಿಡಿ ಬರಲಿಲ್ಲವೋ, ಇಂಧನ ಬರಲಿಲ್ಲವೋ, ಅಥವಾ ಒತ್ತಿದ ಗಾಳಿ ಸೋರಿಹೋಯಿತೋ ಎಂಬುದನ್ನು ಅದು ತಿಳಿಸುವುದಿಲ್ಲ. ಆದರೂ ಮಿಸ್‌ಫೈರ್ ಕೋಡ್ ಕಂಡ ಕೂಡಲೇ ಕಾಯಿಲ್ ಬರೆದುಕೊಡುವ ಅಭ್ಯಾಸ ಬಹಳ ಕಡೆ ಬೆಳೆದುಬಿಟ್ಟಿದೆ. ಹೊಸ ಕಾಯಿಲ್ ಕೊಳ್ಳುವ ಮೊದಲು ಮೂರನೆಯ ಸಿಲಿಂಡರಿನ ಕಾಯಿಲ್ ಅನ್ನು ಒಂದನೆಯದಕ್ಕೂ, ಮೂರನೆಯದರ ಪ್ಲಗ್ ಅನ್ನು ಎರಡನೆಯದಕ್ಕೂ ಅದಲು ಬದಲು ಮಾಡಿ ಓಡಿಸಿ ನೋಡಬೇಕಿತ್ತು. ಕೋಡ್ ಪಿ0301 ಆದರೆ ತಪ್ಪು ಕಾಯಿಲ್‌ನದು, ಪಿ0302 ಆದರೆ ಪ್ಲಗ್‌ನದು, ಪಿ0303 ಆಗಿಯೇ ಉಳಿದರೆ ತಪ್ಪು ಎರಡರದ್ದೂ ಅಲ್ಲ. ಹಣ ಖರ್ಚಾಗದ ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು. ನಿಮ್ಮಲ್ಲಿ ಹಳೆಯ ಕಾಯಿಲ್‌ಗಳು ಉಳಿದಿದ್ದರೆ ಎಸೆಯಬೇಡಿ. ಅವು ಬಹುಶಃ ಚೆನ್ನಾಗಿಯೇ ಇವೆ.

ಎರಡನೆಯ ಸುಳಿವು ಇನ್ನೂ ದೊಡ್ಡದು. ಗ್ಯಾಸ್‌ನಲ್ಲಿಯೂ ಪೆಟ್ರೋಲ್‌ನಲ್ಲಿಯೂ ತೊಂದರೆ ಒಂದೇ ರೀತಿ ಇದೆ ಎಂದು ನೀವು ಬರೆದಿದ್ದೀರಿ. ಈ ಎರಡು ಇಂಧನಗಳು ಬೇರೆ ಬೇರೆ ದಾರಿಯಲ್ಲಿ, ಬೇರೆ ಬೇರೆ ಇಂಜೆಕ್ಟರ್‌ಗಳ ಮೂಲಕ ಒಳಗೆ ಬರುತ್ತವೆ. ಎರಡರಲ್ಲಿಯೂ ಅದೇ ಸಿಲಿಂಡರ್ ಮಿಸ್ ಹೊಡೆಯುತ್ತದೆ ಎಂದಾದರೆ ಪೆಟ್ರೋಲ್ ಪಂಪ್, ಪೆಟ್ರೋಲ್ ಇಂಜೆಕ್ಟರ್, ಗ್ಯಾಸ್ ರೆಗ್ಯುಲೇಟರ್ ಇವೆಲ್ಲವೂ ಅನುಮಾನದಿಂದ ಹೊರಗೆ ಹೋಗುತ್ತವೆ. ಎಥನಾಲಿನ ಮಾತೂ ಇಲ್ಲಿಗೇ ಮುಗಿಯುತ್ತದೆ. ಶೇ. 20ರಷ್ಟು ಎಥನಾಲ್ ಇರುವ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ಪಡೆಯಿತು. ಅದಕ್ಕೂ ಹಿಂದಿನ ಗಾಡಿಗಳ ರಬ್ಬರ್ ಭಾಗಗಳ ಮೇಲೆ, ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲಿಯೇ ಉಳಿಯುವ ಪೆಟ್ರೋಲಿನ ಮೇಲೆ ಕಣ್ಣಿಡಬೇಕಾದದ್ದು ನಿಜ, ಏಕೆಂದರೆ ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಆದರೆ ಗ್ಯಾಸ್‌ನಲ್ಲಿ ಓಡುವಾಗಲೂ ಬರುವ ಮಿಸ್ಸಿಂಗ್‌ಗೆ ಪೆಟ್ರೋಲ್ ಕಾರಣವಾಗಲಾರದು.

ಹಾಗಾದರೆ ಉಳಿದದ್ದೇನು? ಮೂರನೆಯ ಕಾಯಿಲ್‌ಗೆ ಹೋಗುವ ವೈರ್ ಮತ್ತು ಸಾಕೆಟ್, ಆ ಸಿಲಿಂಡರಿನ ಬಾಯಲ್ಲಿರುವ ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿಯನ್ನು ಒಳಕ್ಕೆ ತರುವ ಕೊಳವೆ) ಗ್ಯಾಸ್ಕೆಟ್, ಮತ್ತು ಕಂಪ್ರೆಶನ್. ವೈರ್ ಅನ್ನು ಮೊದಲು ನೋಡಿಸಿ. ರಾತ್ರಿ ರಸ್ತೆ ಬದಿಯಲ್ಲಿ ನಿಲ್ಲುವ, ತರಕಾರಿ ವಾಸನೆ ಹಿಡಿದ ಗಾಡಿಗೆ ಇಲಿ ಸೇರುವುದು ಸಾಮಾನ್ಯ, ಮತ್ತು ಇಲಿ ಕಡಿದ ವೈರ್ ಇಂಜಿನ್ ಅಲುಗಿದಾಗ ಮಾತ್ರ ಸಂಪರ್ಕ ಕಳೆದುಕೊಳ್ಳುವುದುಂಟು. ಇಂಜಿನ್ ಓಡುತ್ತಿರುವಾಗ ಸಾಕೆಟ್‌ನ ಹಿಂದಿನ ವೈರನ್ನು ಮೆಲ್ಲಗೆ ಅಲುಗಿಸಿದರೆ ಐಡ್ಲಿಂಗ್ (ಗಾಡಿ ನಿಂತಲ್ಲೇ ಇಂಜಿನ್ ನಿಧಾನವಾಗಿ ಓಡುವುದು) ಬದಲಾಗುತ್ತದೆಯೇ ಎಂದು ನೋಡಬೇಕು. ಬ್ಯಾಟರಿಯಿಂದ ಇಂಜಿನ್‌ಗೆ ಬರುವ ಅರ್ಥ್ ಪಟ್ಟಿಯ ಬೋಲ್ಟ್‌ಗಳನ್ನೂ ಬಿಚ್ಚಿ ಉಜ್ಜಿ ಬಿಗಿ ಮಾಡಿಸಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನ ಸುತ್ತ ನೀರನ್ನು ಸಣ್ಣ ತುಂತುರಾಗಿ ಸಿಂಪಡಿಸಿದಾಗ ಇಂಜಿನ್‌ನ ಸದ್ದು ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ ಎಂದು ತಿಳಿಯಬಹುದು. ಇದಕ್ಕೆ ಕೆಲವರು ಕಾರ್ಬ್ಯುರೇಟರ್ ಕ್ಲೀನರ್ ಬಳಸುತ್ತಾರೆ. ಬಿಸಿ ಸೈಲೆನ್ಸರ್ ಕೊಳವೆಯೂ ಸಿಎನ್‌ಜಿ ಪೈಪ್‌ಗಳೂ ಇರುವ ಜಾಗದಲ್ಲಿ ಹೊತ್ತಿಕೊಳ್ಳುವ ದ್ರವವನ್ನು ಸಿಂಪಡಿಸಲು ದಯವಿಟ್ಟು ಬಿಡಬೇಡಿ.

ನನ್ನ ಬಲವಾದ ಅನುಮಾನವಿರುವುದು ಟ್ಯಾಪೆಟ್ ಗ್ಯಾಪ್‌ನ ಮೇಲೆ, ಅಂದರೆ ವಾಲ್ವ್‌ನ ತುದಿಗೂ ಅದನ್ನು ತೆರೆಯುವ ಕ್ಯಾಮ್ ಕಡೆಯ ಭಾಗಕ್ಕೂ ನಡುವೆ ಇರಬೇಕಾದ ಸಣ್ಣ ಸಂದಿಯ ಮೇಲೆ. ಸಿಎನ್‌ಜಿ ಒಣ ಇಂಧನ. ಪೆಟ್ರೋಲಿನ ತೇವದಿಂದ ಇನ್‌ಟೇಕ್ ವಾಲ್ವ್‌ಗೆ ಸಿಗುವ ತಂಪು ಇದರಲ್ಲಿ ಸಿಗುವುದಿಲ್ಲ, ವಾಲ್ವ್‌ಗಳು ಸೀಟ್‌ಗೆ ಬಡಿಯುವಾಗ ನಡುವೆ ಮೆತ್ತೆಯಂತೆ ಇರುವ ಪದರವೂ ಕಡಿಮೆ. ಆದ್ದರಿಂದ ಬಹುಕಾಲ ಗ್ಯಾಸ್‌ನಲ್ಲಿಯೇ ಓಡಿದ ಇಂಜಿನ್‌ನಲ್ಲಿ ವಾಲ್ವ್ ಸೀಟ್ ಸವೆಯುತ್ತ ಬರುತ್ತದೆ ಮತ್ತು ವಾಲ್ವ್ ಕೂದಲೆಳೆಯಷ್ಟಾಗಿ ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್‌ನೊಳಕ್ಕೆ ಇಳಿಯುತ್ತದೆ. ಆಗ ಅದರ ಕಾಂಡದ ತುದಿ ಕ್ಯಾಮ್ ಕಡೆಗೆ ಏರಿ, ಅಲ್ಲಿರಬೇಕಾದ ಸಣ್ಣ ಗ್ಯಾಪ್ ಕಡಿಮೆಯಾಗುತ್ತ ಹೋಗಿ ಒಂದು ದಿನ ಇಲ್ಲವೇ ಆಗುತ್ತದೆ. ಅಲ್ಲಿಂದ ಮುಂದೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಪಿಸ್ಟನ್ ಒತ್ತಿದ ಗಾಳಿ ಆ ಸಂದಿಯಿಂದ ಸೋರುತ್ತದೆ. ಐಡ್ಲಿಂಗ್‌ನಲ್ಲಿ ಪಿಸ್ಟನ್ ನಿಧಾನವಾಗಿ ಚಲಿಸುವುದರಿಂದ ಸೋರಲು ಹೆಚ್ಚು ಸಮಯ ಸಿಗುತ್ತದೆ, ವೇಗ ಏರಿದಂತೆ ಆ ಸಮಯ ಕಡಿಮೆಯಾಗುತ್ತದೆ. ಸಿಗ್ನಲ್‌ನಲ್ಲಿ ನಡುಗುವ ಗಾಡಿ ಓಡುವಾಗ ಸುಧಾರಿಸುವುದಕ್ಕೆ ಇದೇ ಕಾರಣವಿರಬಹುದು.

ಈ ದೋಷ ಮೆಕ್ಯಾನಿಕ್‌ಗಳ ಕಣ್ಣು ತಪ್ಪಿಸುವುದಕ್ಕೆ ಒಂದು ವಿಶೇಷ ಕಾರಣವಿದೆ. ಟ್ಯಾಪೆಟ್ ಎಂದರೆ ಟಕ ಟಕ ಶಬ್ದ ಎಂದೇ ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ಕಲಿತಿದ್ದಾರೆ. ಆ ಶಬ್ದ ಬರುವುದು ಗ್ಯಾಪ್ ಹೆಚ್ಚಾದಾಗ. ಗ್ಯಾಪ್ ಇಲ್ಲದ ಟ್ಯಾಪೆಟ್ ಶಬ್ದವನ್ನೇ ಮಾಡುವುದಿಲ್ಲ. ಇಂಜಿನ್ ಇನ್ನಷ್ಟು ನುಣುಪಾಗಿ ಕೇಳಿಸುತ್ತದೆ. ‘ಟ್ಯಾಪೆಟ್ ಶಬ್ದವಿಲ್ಲ, ಅದನ್ನು ಮುಟ್ಟುವುದು ಬೇಡ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಿವಿಯಿಂದ ನಿರ್ಧರಿಸುವ ಅಳತೆ ಇದಲ್ಲ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು) ಹಾಕಿಯೇ ನೋಡಬೇಕು.

ಬೆಳಿಗ್ಗೆ ಕಂಪ್ರೆಶನ್ ನೋಡಿದ್ದಾರಲ್ಲ ಎಂದು ನೀವು ಕೇಳಬಹುದು. ನಿಮ್ಮ ತೊಂದರೆ ಇಂಜಿನ್ ಬಿಸಿಯಾದ ಮೇಲೆ ಕಾಣಿಸುವಂಥದ್ದು; ಪರೀಕ್ಷೆ ನಡೆದದ್ದು ತಣ್ಣಗಿದ್ದಾಗ. ಬಿಸಿಯಾದಾಗ ವಾಲ್ವ್, ಹೆಡ್, ಬ್ಲಾಕ್ ಎಲ್ಲವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಗ್ಯಾಪ್ ಕೂಡ ಬದಲಾಗುತ್ತದೆ. ದೋಷ ಯಾವ ಸ್ಥಿತಿಯಲ್ಲಿ ತೋರುತ್ತದೆಯೋ ಅದೇ ಸ್ಥಿತಿಯಲ್ಲಿ ಅಳೆದರೆ ಮಾತ್ರ ಅಳತೆಗೆ ಬೆಲೆ. ಆದ್ದರಿಂದ ಗಾಡಿಯನ್ನು ಮಿಸ್ಸಿಂಗ್ ಶುರುವಾಗುವವರೆಗೆ ಓಡಿಸಿಕೊಂಡು ಹೋಗಿ, ಆಗ ಪರೀಕ್ಷೆ ಮಾಡಿಸಿ. ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಇಂಧನ ಮತ್ತು ಕಿಡಿ ಎರಡನ್ನೂ ಕಡಿತಗೊಳಿಸಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಪ್ರತಿ ಸಿಲಿಂಡರಿಗೂ ಸೆಲ್ಫ್ ಅನ್ನು ಒಂದೇ ಸಮನಾಗಿ ತಿರುಗಿಸಿ ನಾಲ್ಕು ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ‘ಪರವಾಗಿಲ್ಲ’ ಎಂಬುದು ಅಳತೆಯಲ್ಲ. ಅಂಕಿ ಕೇಳುವ ಹಕ್ಕು ನಿಮಗಿದೆ. ಕನಿಷ್ಠ ಅಂಕಿ ಗರಿಷ್ಠ ಅಂಕಿಯ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಆ ಸಿಲಿಂಡರಿನಲ್ಲಿ ಸೋರಿಕೆ ಇದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಇಲ್ಲಿ ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ. ಆದ್ದರಿಂದ ನಾಲ್ಕೂ ಸಿಲಿಂಡರ್‌ಗಳು ಪುಸ್ತಕದ ಅಂಕಿಗಿಂತ ಸ್ವಲ್ಪ ಕಡಿಮೆ ತೋರಿಸಿದ ಮಾತ್ರಕ್ಕೆ ಇಂಜಿನ್ ಸವೆದಿದೆ ಎಂದು ಯಾರೂ ತೀರ್ಮಾನಿಸಬಾರದು. ನೋಡಬೇಕಾದದ್ದು ಅವುಗಳ ನಡುವಿನ ವ್ಯತ್ಯಾಸವನ್ನು.

ಮೂರನೆಯ ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಅದರೊಳಕ್ಕೆ ಒಂದು ಚಮಚೆಯಷ್ಟು ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಅಂಕಿ ಚೆನ್ನಾಗಿ ಏರಿದರೆ ದೋಷ ಪಿಸ್ಟನ್ ರಿಂಗ್ ಅಥವಾ ಬೋರ್‌ನದು (ಸಿಲಿಂಡರಿನ ಒಳಗೋಡೆ), ಏರದಿದ್ದರೆ ವಾಲ್ವ್‌ನದು. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಬೇಕು. ಸೌಕರ್ಯವಿರುವ ಗ್ಯಾರೇಜ್ ಆದರೆ ಪ್ಲಗ್ ರಂಧ್ರದಿಂದ ಕಂಪ್ರೆಸರ್ ಗಾಳಿ ಬಿಟ್ಟು ಅದು ಎಲ್ಲಿಂದ ಹೊರಬರುತ್ತದೆ ಎಂದು ಕೇಳಿಸಿಕೊಳ್ಳಬಹುದು. ಸೈಲೆನ್ಸರ್‌ನಲ್ಲಿ ಬುಸುಗುಟ್ಟಿದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಯಲ್ಲಿ ಕೇಳಿಸಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಕ್ಯಾಪ್‌ನಲ್ಲಿ ಬಂದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಇಂಜಿನ್ ಬಿಚ್ಚದೆಯೇ ಒಳಗಿನ ಸ್ಥಿತಿಯನ್ನು ಇಷ್ಟು ಸ್ಪಷ್ಟವಾಗಿ ತಿಳಿಸುವ ಪರೀಕ್ಷೆ ಬೇರೊಂದಿಲ್ಲ. ಇದಾವುದೂ ಆಗದೆ ಇಂಜಿನ್ ಇಳಿಸಲು ಒಪ್ಪಿಗೆ ಕೊಡಬೇಡಿ.

ವಾಲ್ವ್ ಎಂದು ಖಚಿತವಾದರೆ ವಾಲ್ವ್ ಕವರ್ ತೆಗೆಸಿ ಗ್ಯಾಪ್ ಅಳೆಸಿ. ನಿಮ್ಮ ಮಾದರಿಗೆ ಎಷ್ಟಿರಬೇಕು, ತಣ್ಣಗಿರುವಾಗ ಅಳೆಯಬೇಕೇ ಬಿಸಿಯಿರುವಾಗ ಅಳೆಯಬೇಕೇ ಎಂಬುದನ್ನು ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ನಿರ್ಧರಿಸಬೇಕು. ಸ್ಕ್ರೂ ಇರುವ ಇಂಜಿನ್‌ನಲ್ಲಿ ಸರಿಪಡಿಸುವುದು ಸುಲಭ; ಬಕೆಟ್ (ವಾಲ್ವ್ ತುದಿಯ ಮೇಲೆ ಕೂರುವ ಬಟ್ಟಲಿನಂಥ ಭಾಗ) ಇರುವ ಇಂಜಿನ್‌ನಲ್ಲಿ ಸರಿಯಾದ ದಪ್ಪದ ಶಿಮ್ (ತೆಳು ಬಿಲ್ಲೆ) ಅಥವಾ ಬಕೆಟ್ ಹುಡುಕಿ ಹಾಕಬೇಕು, ಅದಕ್ಕೆ ಒಂದೆರಡು ದಿನ ಗಾಡಿ ನಿಲ್ಲಬಹುದು. ಗ್ಯಾಪ್ ಸರಿಮಾಡಿದ ಮೇಲೆ ಮತ್ತೊಮ್ಮೆ ಕಂಪ್ರೆಶನ್ ಅಳೆಸುವುದನ್ನು ಮರೆಯಬೇಡಿ. ಅಂಕಿ ಏರಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಏರದಿದ್ದರೆ ವಾಲ್ವ್‌ನ ಅಂಚು ಸುಟ್ಟಿದೆ ಎಂದೇ ಭಾವಿಸಬೇಕು, ಏಕೆಂದರೆ ವಾಲ್ವ್ ತನ್ನ ಶಾಖವನ್ನು ಬಿಟ್ಟುಕೊಡುವುದು ಮುಖ್ಯವಾಗಿ ಸೀಟ್‌ಗೆ ತಾಗಿದಾಗ. ಸರಿಯಾಗಿ ತಾಗದ ಎಕ್ಸಾಸ್ಟ್ ವಾಲ್ವ್ ಬೇಗ ಸುಡುತ್ತದೆ. ಆಗ ಹೆಡ್ ಇಳಿಸಿ ಲೇತ್ ಕೆಲಸದವರಲ್ಲಿ ಸೀಟ್ ಕಟ್ ಮಾಡಿಸಿ ವಾಲ್ವ್ ಬದಲಾಯಿಸಬೇಕಾಗುತ್ತದೆ. ಅದಾದರೂ ಹೆಡ್‌ನ ಕೆಲಸ ಮಾತ್ರ. ಬೋರ್, ಪಿಸ್ಟನ್ ಮುಟ್ಟುವ ಅಗತ್ಯವಿಲ್ಲ.

ಇಸಿಎಂ ಬಗ್ಗೆ: ಒಂದೇ ಕಾಯಿಲ್ ಅನ್ನು ಚಾಲೂ ಮಾಡುವ ಅದರ ಭಾಗ ಕೆಡುವುದು ಸಾಧ್ಯ, ಆದರೆ ಅಪರೂಪ. ಮೇಲಿನ ಎಲ್ಲ ಪರೀಕ್ಷೆಗಳಲ್ಲಿಯೂ ಗಾಡಿ ಪಾಸಾದ ಮೇಲೆಯೇ ಆ ಮಾತು. ಅಲ್ಲಿಯವರೆಗೆ ಚೆಕ್ ಇಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಕಡಿಮೆ ಲೋಡ್‌ನಲ್ಲಿ ಓಡಿಸಬಹುದು; ಮಿನುಗುತ್ತಿದ್ದರೆ ಮಾತ್ರ ನಿಲ್ಲಿಸಿ. ಉರಿಯದ ಇಂಧನ ಸೈಲೆನ್ಸರ್ ಸಾಲಿನಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸಿಬಿಡಬಲ್ಲದು, ಮತ್ತು ಅದರ ಬೆಲೆ ನೀವು ಇದುವರೆಗೆ ಕೊಂಡ ಕಾಯಿಲ್‌ಗಳ ಬೆಲೆಗಿಂತ ಬಹಳ ಹೆಚ್ಚು.

ಪ್ರಶ್ನೆ: ನನ್ನದು ಇಪ್ಪತ್ತು ವರ್ಷ ಹಳೆಯ ಡೀಸೆಲ್ ಪಿಕಪ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬಂದು ಒಂದು ಸಿಲಿಂಡರ್ ಮಿಸ್ ಹೊಡೆಯುತ್ತದೆ, ಹತ್ತು ನಿಮಿಷದ ಮೇಲೆ ಕಡಿಮೆಯಾಗುತ್ತದೆ. ಸ್ಪಾರ್ಕ್ ಪ್ಲಗ್ ಇಲ್ಲದ ಈ ಇಂಜಿನ್‌ನಲ್ಲಿ ಯಾವ ಸಿಲಿಂಡರ್ ಎಂದು ಪತ್ತೆ ಮಾಡುವುದು ಹೇಗೆ?
— ಓದುಗರೊಬ್ಬರು, ಕೆಂಗೇರಿ

ಉತ್ತರ: ನಿಮ್ಮದು ಹಳೆಯ ಮೆಕ್ಯಾನಿಕಲ್ ಪಂಪ್‌ನ ಇಂಜಿನ್ ಆಗಿದ್ದರೆ ಐಡ್ಲಿಂಗ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಪೈಪ್‌ನ ನಟ್ಟನ್ನು ಸ್ವಲ್ಪ ಸಡಿಲಿಸಿ ನೋಡುವ ಪದ್ಧತಿ ಇದೆ. ಸರಿಯಾಗಿ ಕೆಲಸ ಮಾಡುತ್ತಿರುವ ಸಿಲಿಂಡರಿನ ನಟ್ ಸಡಿಲಿಸಿದರೆ ಇಂಜಿನ್ ಕುಗ್ಗುತ್ತದೆ. ಯಾವುದನ್ನು ಸಡಿಲಿಸಿದರೂ ಇಂಜಿನ್‌ಗೆ ಏನೂ ವ್ಯತ್ಯಾಸವಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಇದನ್ನು ಕನ್ನಡಕ, ಕೈಗವಸು ಧರಿಸಿದ ಅನುಭವಿ ಮೆಕ್ಯಾನಿಕ್ ಮಾಡಲಿ. ಗಾಡಿ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ವ್ಯವಸ್ಥೆ) ಆಗಿದ್ದರೆ ಈ ಪರೀಕ್ಷೆಯನ್ನು ಯಾರಿಗೂ ಮಾಡಲು ಬಿಡಬೇಡಿ. ಆ ಪೈಪ್‌ಗಳಲ್ಲಿನ ಒತ್ತಡ 1000 ಬಾರ್‌ಗಿಂತಲೂ ಹೆಚ್ಚಿರಬಲ್ಲದು, ಹೊರಚಿಮ್ಮಿದ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ, ಮತ್ತು ಸಣ್ಣ ಚುಚ್ಚಿನಂತೆ ಕಾಣುವ ಆ ಗಾಯಕ್ಕೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅಂಥ ಇಂಜಿನ್‌ನಲ್ಲಿ ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪ್‌ಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಯಾವುದರಲ್ಲಿ ಡೀಸೆಲ್ ಹೆಚ್ಚು ತುಂಬುತ್ತದೆ ಎಂದು ನೋಡುವುದೇ ಸರಿಯಾದ ದಾರಿ.

ಸಿಲಿಂಡರ್ ಗೊತ್ತಾದ ಮೇಲೆ, ನಿಮ್ಮ ಇಂಜಿನ್‌ನಲ್ಲಿ ಹೀಟರ್ ಪ್ಲಗ್ (ತಣ್ಣಗಿರುವಾಗ ಸ್ಟಾರ್ಟ್ ಮಾಡಲು ಸಿಲಿಂಡರನ್ನು ಬಿಸಿ ಮಾಡುವ ಭಾಗ) ಇದ್ದರೆ ಮೊದಲು ಅದನ್ನು ಪರೀಕ್ಷಿಸಿ. ಬಿಸಿಯಾದ ಮೇಲೆ ಕಡಿಮೆಯಾಗುವ ಬಿಳಿ ಹೊಗೆ ಉರಿಯದೆ ಹೊರಬರುವ ಡೀಸೆಲ್‌ನದೇ ಇರಬೇಕು. ನಂತರ ಆ ಸಿಲಿಂಡರಿನ ನಾಝಲ್ (ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತುದಿ) ಬಿಚ್ಚಿಸಿ ಪಂಪ್ ನಾಝಲ್ ಕೆಲಸದವರ ಬೆಂಚ್ ಮೇಲೆ ಸಿಂಪಡಿಕೆ ನೋಡಿಸಿ. ಮಂಜಿನಂತೆ ಹರಡದೆ ಧಾರೆಯಾಗಿ ಬಿದ್ದರೆ ಅಥವಾ ತುದಿಯಲ್ಲಿ ತೊಟ್ಟಿಕ್ಕಿದರೆ ನಾಝಲ್ ಬದಲಾಯಿಸಬೇಕು. ಡೀಸೆಲ್ ಲೈನ್‌ನಲ್ಲಿ ಗಾಳಿ ಸೇರುತ್ತಿದ್ದರೆ ರಾತ್ರಿಯಿಡೀ ನಿಂತ ಗಾಡಿಯ ಹ್ಯಾಂಡ್ ಪ್ರೈಮರ್ (ಡೀಸೆಲ್ ಲೈನ್‌ನಲ್ಲಿ ಕೈಯಿಂದ ಒತ್ತುವ ಪಂಪ್) ಬೆಳಿಗ್ಗೆ ಮೆತ್ತಗಿರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಅದನ್ನು ಒತ್ತಿ ಗಟ್ಟಿಮಾಡಿದ ದಿನ ಮಿಸ್ಸಿಂಗ್ ಇಲ್ಲವಾದರೆ ಫಿಲ್ಟರ್‌ನ ವಾಷರ್‌ಗಳನ್ನು, ಟ್ಯಾಂಕ್‌ನಿಂದ ಬರುವ ಪೈಪ್‌ನ ಕ್ಲಿಪ್‌ಗಳನ್ನು ನೋಡಿಸಿ. ಇವೆಲ್ಲ ಸರಿಯಿದ್ದೂ ಹೊಗೆಗೆ ಸಿಹಿ ವಾಸನೆ ಇದ್ದರೆ, ರೇಡಿಯೇಟರ್ ಕೂಲಂಟ್ ದಿನೇ ದಿನೇ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್‌ನಿಂದ ಕೂಲಂಟ್ ಸಿಲಿಂಡರಿಗೆ ಸೋರುತ್ತಿದೆ ಎಂದು ತಿಳಿದು ಗಾಡಿಯನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.